‘ಕಾಫಿ’ (1973): ಸೇಡಿನ ಕಥೆ ಕಟ್ಟಿದ್ದು ಹೇಗೆ, ಅಗ್ಗದಲ್ಲಿ ತೆಗೆದದ್ದು ಹೇಗೆ?

#1 ರೀಲುಡಬ್ಬಿ
ಮೊದಲೇ ಹೇಳಿಬಿಡ್ತೀನಿ, ಈ ಎಳೆಯಲ್ಲಿ ಕಥೆ ಕ್ಲೈಮ್ಯಾಕ್ಸ್ ಸಮೇತ ಬಯಲಾಗುತ್ತೆ. ನೋಡದವರು ನೋಡ್ಕೊಂಡು ಬನ್ನಿ, ಇರೋದೇ ಒಂದೂವರೆ ಗಂಟೆ.

ಬ್ಲ್ಯಾಕ್ಸ್‌ಪ್ಲಾಯ್ಟೇಶನ್ (ಎಪ್ಪತ್ತರ ದಶಕದಲ್ಲಿ ಅಮೆರಿಕದಲ್ಲಿ ಕಪ್ಪು ನಾಯಕ-ನಾಯಕಿಯರನ್ನ ಇಟ್ಟು ತೆಗೆದ ಅಗ್ಗದ ಚಿತ್ರಗಳ ಅಲೆ) ಅಂದ ತಕ್ಷಣ ಇಲ್ಲಿ ಮಾತು ಆಫ್ರೋ ಕೂದಲು, ಬೆಲ್‌ಬಾಟಮ್, ಫಂಕ್ ಹಾಡು ಅಂತ ಶುರುವಾಗಿ ಅಲ್ಲೇ ಮುಗಿಯುತ್ತೆ. ಈ ಸಲ ಜ್ಯಾಕ್ ಹಿಲ್ ಬರೆದು ನಿರ್ದೇಶಿಸಿದ ‘ಕಾಫಿ’ ಒಂದನ್ನೇ ಹಿಡಿದು ಬಿಚ್ಚಿ ನೋಡೋಣ. ಪ್ಯಾಮ್ ಗ್ರಿಯರ್ ಇದರಲ್ಲಿ ಕಾಫಿ ಅನ್ನೋ ಹೆಸರಿನ ನರ್ಸ್. ಪುಟ್ಟ ತಂಗಿಯನ್ನ ಹೆರಾಯಿನ್ ಹಾಳುಮಾಡಿದೆ, ಅದನ್ನ ಮಾರಿದವರನ್ನ ಅಕ್ಕ ಒಬ್ಬೊಬ್ಬರಾಗಿ ಮುಗಿಸ್ತಾಳೆ. ನನ್ನ ಪ್ರಶ್ನೆಗಳು ಇಷ್ಟು. ಚಿತ್ರಕಥೆಯಲ್ಲಿ ಸೇಡು ಹೇಗೆ ಮೇಲೇರುತ್ತೆ? 18 ದಿನದಲ್ಲಿ ಶೂಟಿಂಗ್ ಮುಗಿಸಿದ್ದು ಹೇಗೆ? ಇದೇ ಧಾಟಿಯಲ್ಲಿ ಒಂದು ಕಿರುಚಿತ್ರ ತೆಗೆಯೋರು ಏನೇನು ನೋಡ್ಕೋಬೇಕು?

#2 ಮ್ಯಾಟಿನಿ_ಮಂಜ
ಹುಟ್ಟಿದ ಹಿನ್ನೆಲೆ ನಾನು ಹೇಳಿಬಿಡ್ತೀನಿ, ಯಾಕಂದ್ರೆ ಈ ಚಿತ್ರವೇ ಒಂದು ಸೇಡು. ‘ಕ್ಲಿಯೋಪಾತ್ರಾ ಜೋನ್ಸ್’ ಅನ್ನೋ ಚಿತ್ರ ‘ಕಾಫಿ’ ತೆಗೆದ ಎಐಪಿ ಕಂಪನಿಗೆ ಸಿಗಬೇಕಿತ್ತು, ಕೈತಪ್ಪಿ ವಾರ್ನರ್ ಬ್ರದರ್ಸ್ ಪಾಲಾಯ್ತು. ಎಐಪಿಯ ಲ್ಯಾರಿ ಗಾರ್ಡನ್ ಜ್ಯಾಕ್ ಹಿಲ್‌ನ ಕರೆದು, ಕಪ್ಪು ಹೆಣ್ಣೊಬ್ಬಳ ಸೇಡಿನ ಕಥೆ ಬೇಕು, ಅವರಿಗಿಂತ ಮುಂಚೆ ತೆರೆಗೆ ಬರಬೇಕು ಅಂದ. ‘ಕಾಫಿ’ ಜೂನ್ 1973ಕ್ಕೆ ಬಂತು, ‘ಕ್ಲಿಯೋಪಾತ್ರಾ ಜೋನ್ಸ್’ ಜುಲೈಗೆ. ವೆಚ್ಚ ಸುಮಾರು 5 ಲಕ್ಷ ಡಾಲರ್, ಗಳಿಕೆ ಅದರ ಹಲವು ಪಟ್ಟು.

ಹಿಲ್‌ಗೆ ಪ್ಯಾಮ್ ಗ್ರಿಯರ್ ಹೊಸಬಳಲ್ಲ. ನಿರ್ಮಾಪಕ ರೋಜರ್ ಕಾರ್ಮನ್ ಕಂಪನಿಗೆ ಫಿಲಿಪೀನ್ಸ್‌ನಲ್ಲಿ ತೆಗೆದ ‘ದ ಬಿಗ್ ಡಾಲ್ ಹೌಸ್’ (1971), ‘ದ ಬಿಗ್ ಬರ್ಡ್ ಕೇಜ್’ (1972) ಎರಡರಲ್ಲೂ ಅವಳಿದ್ದಳು. ಅದಕ್ಕೂ ಮುಂಚೆ ಎಐಪಿ ಆಫೀಸಿನಲ್ಲೇ ಟೆಲಿಫೋನ್ ಸ್ವಿಚ್‌ಬೋರ್ಡ್ ನೋಡಿಕೊಳ್ತಿದ್ದವಳು.

#3 ಕತ್ತರಿಪ್ರಯೋಗ
ಚಿತ್ರಕಥೆಗೆ ಬರೋಣ. ಮೆಟ್ಟಿಲುಗಳನ್ನ ಎಣಿಸಿ: ಬೀದಿ ಮಾರಾಟಗಾರ ಶುಗರ್‌ಮ್ಯಾನ್, ತಲೆಹಿಡುಕ ಕಿಂಗ್ ಜಾರ್ಜ್, ಮಾಫಿಯಾ ಧಣಿ ವಿಟ್ರೋನಿ, ಕೊನೆಗೆ ನಗರಸಭೆ ಸದಸ್ಯ ಹೊವಾರ್ಡ್ ಬ್ರನ್ಸ್‌ವಿಕ್. ಕೊನೆಯವನು ನಾಯಕಿಯ ಪ್ರಿಯಕರ, ಕಪ್ಪು ಜನರ ಪರ ಭಾಷಣ ಬಿಗಿಯುತ್ತಾ ಕಾಂಗ್ರೆಸ್, ಅಂದ್ರೆ ಅಮೆರಿಕದ ಸಂಸತ್ತಿನ, ಚುನಾವಣೆಗೆ ನಿಂತಿರೋನು. ಕೆಳಗಿನವನನ್ನ ಕೊಂದಾಗ ಮೇಲಿನವನು ಕಾಣಿಸ್ತಾನೆ. ಹತ್ತುತ್ತಾ ಹತ್ತುತ್ತಾ ಅವಳ ಮನೆಗೇ ಹತ್ತಿರವಾಗುತ್ತೆ, ಅದೇ ಈ ರಚನೆಯ ಗಟ್ಟಿತನ.

ಇನ್ನೊಂದು: ಮೊದಲ ಹತ್ತು ನಿಮಿಷದಲ್ಲೇ ಕೊಲೆ ಆಗಿಹೋಗಿದೆ. ಸಾಮಾನ್ಯವಾಗಿ ಸೇಡಿನ ಚಿತ್ರ ಅರ್ಧ ಗಂಟೆ ಸುಖ ಸಂಸಾರ ತೋರಿಸಿ ಆಮೇಲೆ ಅದನ್ನ ಒಡೆಯುತ್ತೆ. ಇಲ್ಲಿ ಅವಳು ನಶೆಗೆ ಬಾಯಿಬಿಡೋ ಹುಡುಗಿಯ ವೇಷ ಹಾಕಿ ಬರ್ತಾಳೆ, ನಳಿಗೆ ಕತ್ತರಿಸಿದ ಶಾಟ್‌ಗನ್‌ನಿಂದ ಶುಗರ್‌ಮ್ಯಾನ್ ತಲೆ ಹಾರಿಸ್ತಾಳೆ, ಅವನ ಜೊತೆಗಾರನಿಗೆ ಅವನದೇ ಸರಕನ್ನ ಚುಚ್ಚಿಸ್ತಾಳೆ. ನಂತರವಷ್ಟೇ ನಮಗೆ ತಂಗಿ ಲೂಬೆಲ್ ಕಾಣೋದು. ಅಂದ್ರೆ ‘ಸೇಡು ತೀರಿಸ್ತಾಳಾ?’ ಅನ್ನೋ ಪ್ರಶ್ನೆಯೇ ಇಲ್ಲ. ‘ಎಲ್ಲಿಗೆ ನಿಲ್ಲಿಸ್ತಾಳೆ?’ ಅನ್ನೋದು ಪ್ರಶ್ನೆ. ಕೊಂದ ಮೇಲೆ ಆಪರೇಷನ್ ಥಿಯೇಟರಿನಲ್ಲಿ ಅವಳ ಕೈ ಕೆಲಸಕ್ಕೆ ಒಗ್ಗೋದಿಲ್ಲ. ಅದು ಒಂದೇ ದೃಶ್ಯ, ಸಾಕು.

ಚಿತ್ರಕಥೆ ಬರೆಯೋರು ಮಾಡುವ ತಪ್ಪು: ಮೊದಲ ಕೊಲೆಯನ್ನ ಮುಂದೆ ತಂದುಬಿಟ್ಟು, ಎರಡನೇ ಪೆಟ್ಟನ್ನ ಮರೀತಾರೆ. ಇಲ್ಲಿ ಎರಡನೇ ಪೆಟ್ಟು ಕಾರ್ಟರ್. ಲಂಚ ಮುಟ್ಟದ ಪೊಲೀಸ್, ಅವಳ ಹಳೆಯ ಗೆಳೆಯ. ಮುಸುಕುಧಾರಿಗಳು ಮನೆಗೆ ನುಗ್ಗಿ ಅವನನ್ನ ಜಜ್ಜಿ ಹಾಕ್ತಾರೆ. ಅಲ್ಲಿವರೆಗೆ ಅವಳದು ಸಿಟ್ಟು, ಅಲ್ಲಿಂದಾಚೆ ಯೋಜನೆ.

#4 ಧಾರವಾಡ_ಪೇಡೆ
ಮೆಟ್ಟಿಲ ಲೆಕ್ಕ ಖರೇ ಅದ ರೀ, ಆದ್ರ ನನಗ ಅದಕ್ಕಿಂತ ಹತಾರಗಳು ಮುಖ್ಯ ಅನಸ್ತಾವ. ಆಕಿ ಕೈಯಾಗ ಇರೋದೆಲ್ಲ ಹೆಣ್ಣಮಗಳೊಬ್ಬಾಕಿ ಹತ್ರ ಹೆಂಗೂ ಇರೋ ಸಾಮಾನು. ಕೂದಲದಾಗ ಬ್ಲೇಡು, ಕೂದಲದಾಗ ಚೂಪು ಮಾಡಿದ ತಂತಿ, ಆಟಿಕಿ ಸಿಂಹದೊಳಗ ಪಿಸ್ತೂಲು, ಹೆರಾಯಿನ್ ಜಾಗಾದಾಗ ಸಕ್ಕರಿ. ಇದರಾಗ ಸಕ್ಕರಿದು ಭಾರಿ ಚಂದ ಬರದಾರ. ಕಿಂಗ್ ಜಾರ್ಜನ ಮಾಲು ತಗದು ಸಕ್ಕರಿ ತುಂಬಿದ್ದು ಒಂದ ಕೆಲಸಕ್ಕ ಅಂತ ನಾವು ತಿಳೀತೀವಿ. ಮುಂದ ಆಕಿನ್ನ ಕೊಲ್ಲಾಕ ಒಯ್ದವರು ಅದನ್ನ ಆಕಿಗೆ ಚುಚ್ಚತಾರ, ಆಕಿ ನಶೆ ಏರಿದಂಗ ನಟಸ್ತಾಳ, ವಿಟ್ರೋನಿ ಕಡೆಯಾವ ಒಮಾರ್ ಹತ್ರ ಬಂದ ಕೂಡ್ಲೆ ತಂತಿ ಕುತ್ತಿಗಿಗೆ. ಎಲ್ಲಿ ಚುಚ್ಚಬೇಕಂತ ನರ್ಸಿಗೆ ಹೇಳಿಕೊಡಬೇಕೇನ್ರಿ?

ಒಂದ ಸಾಮಾನು, ಎರಡ ಕೆಲಸ. ಕಿರುಚಿತ್ರ ಮಾಡೋರು ಇದನ್ನ ಬರದಿಟ್ಕೋರಿ. ಹತಾರ ತೋರಿಸಿದ ಮ್ಯಾಲೆ ಎರಡು ಮೂರು ದೃಶ್ಯ ಅದರ ಸುದ್ದಿ ಎತ್ತಬ್ಯಾಡ್ರಿ. ಮುಂದಿನ ಶಾಟಿಗೇ ಬಳಸಿದ್ರ ಜಾದೂ ಆಗಂಗಿಲ್ಲ, ಭಾಳ ದೂರ ಹೋದ್ರ ನೋಡೋರು ಮರೀತಾರ.

#5 ಮ್ಯಾಟಿನಿ_ಮಂಜ
@ಧಾರವಾಡ_ಪೇಡೆ, ಇದಕ್ಕೆ ಪುರಾವೆ ಮುಂದಿನ ಚಿತ್ರದಲ್ಲೇ ಇದೆ. ‘ಫಾಕ್ಸಿ ಬ್ರೌನ್’ (1974) ಮೊದಲು ಇದರ ಎರಡನೇ ಭಾಗ ಅಂತಲೇ ಶುರುವಾಗಿತ್ತು, ‘ಬರ್ನ್, ಕಾಫಿ, ಬರ್ನ್’ ಅನ್ನೋ ಹೆಸರಲ್ಲಿ. ಎರಡನೇ ಭಾಗಗಳು ಓಡೋದಿಲ್ಲ ಅಂತ ಎಐಪಿ ಹೆಸರು, ಪಾತ್ರ ಬದಲಾಯಿಸಿತು. ಹಾಗಾಗಿ ಫಾಕ್ಸಿ ಏನು ಕೆಲಸ ಮಾಡ್ತಾಳೆ ಅಂತ ಇಡೀ ಚಿತ್ರದಲ್ಲಿ ಹೇಳೋದೇ ಇಲ್ಲ. ಕೂದಲೊಳಗೆ ಪಿಸ್ತೂಲು ಅಲ್ಲೂ ಬರುತ್ತೆ, ಕ್ರೌರ್ಯ ಇನ್ನೂ ಹೆಚ್ಚು. ಆದರೆ ನರ್ಸ್ ಅನ್ನೋ ಕಸುಬು ಹೋದ ಕಾರಣ ಆಯುಧಗಳಿಗೆ ಬೇರು ಇಲ್ಲ, ಬರೀ ಚಮತ್ಕಾರ.

#6 ಕುಡ್ಲದ_ಕ್ಯಾಮರಾ
18 ದಿನದ ವಿಷಯ. ಒಂದು ಪುಟ ಅಂದರೆ ಒಂದು ನಿಮಿಷ ಅಂತ ಹಿಡಿದರೆ 90 ಪುಟ, ದಿನಕ್ಕೆ 5 ಪುಟ. ದೊಡ್ಡ ಸ್ಟುಡಿಯೊದವರು ಎರಡು ಮೂರು ಪುಟಕ್ಕೆ ಸುಸ್ತಾಗ್ತಾರೆ ಮಾರಾಯ್ರೆ. ಈ ವೇಗಕ್ಕೆ ದುಬಾರಿ ಕ್ಯಾಮರಾ ಬೇಡ, ಜಾಗ ಬದಲಾಯಿಸದೇ ಇದ್ದರೆ ಸಾಕು. ಲೈಟು, ಕೇಬಲು, ಟ್ರ್ಯಾಕು ಲಾರಿಗೆ ಹೇರಿ ಇನ್ನೊಂದು ಕಡೆ ಇಳಿಸೋದಕ್ಕೆ ಅರ್ಧ ದಿನ ಹೋಗ್ತದೆ. ಹಾಗಾಗಿ ವೇಳಾಪಟ್ಟಿ ಮಾಡುವಾಗ ಕಥೆಯ ಕ್ರಮ ಬಿಡಿ, ಜಾಗದ ಕ್ರಮ ಹಿಡಿಯಿರಿ. ಒಂದು ಮನೆಯ ಎಲ್ಲ ದೃಶ್ಯ ಒಟ್ಟಿಗೆ. ಅದರೊಳಗೆ ಒಂದು ದಿಕ್ಕಿಗೆ ನೋಡುವ ಎಲ್ಲ ಶಾಟ್ ಮುಗಿಸಿಯೇ ಲೈಟು ತಿರುಗಿಸಿ.

ರಕ್ತದ ದೃಶ್ಯ ಆ ದಿನದ ಕೊನೆಗೆ ಇಡಿ. ಕಲೆ ಹತ್ತಿದ ಬಟ್ಟೆ, ಕೂದಲು ತೊಳೆದು ಒಣಗಿಸಿ ಮತ್ತೆ ಕಂಟಿನ್ಯೂಟಿಗೆ ತರೋದರಲ್ಲಿ ಒಂದು ಗಂಟೆ ಮಾಯ. ನಿರ್ಮಾಪಕರು ಕೊಡುವ ಹಣದಲ್ಲಿ ಮೊದಲು ಅದೇ ಉಡುಪಿನ ಮೂರು ಜೊತೆ ಖರೀದಿ ಮಾಡಿ.

ಛಾಯಾಗ್ರಾಹಕ ಪಾಲ್ ಲೋಮನ್. ಎರಡೇ ವರ್ಷಕ್ಕೆ ಹೆಸರಾಂತ ನಿರ್ದೇಶಕ ಆಲ್ಟ್‌ಮನ್‌ರ ‘ನ್ಯಾಶ್‌ವಿಲ್’ ತೆಗೆದದ್ದು ಇದೇ ಮನುಷ್ಯ. ಕಿಂಗ್ ಜಾರ್ಜ್ ಆದ ರಾಬರ್ಟ್ ಡೊಕ್ವಿ ಕೂಡ ಅದರಲ್ಲಿದ್ದಾರೆ. ಅಗ್ಗದ ಚಿತ್ರ ಅಂದರೆ ಅಗ್ಗದ ಕೆಲಸಗಾರರು ಅಂತ ತಿಳಿಯೋರಿಗೆ ಇದು.

#7 ನೆಳಲು_ಬೆಳಕು
ಆಗಿನ ಹಾಲಿವುಡ್‌ನ ಮಾಮೂಲಿ ಫಿಲ್ಮ್ ಈಸ್ಟ್‌ಮನ್ 5254. ಅದರ ವೇಗ, ಅಂದ್ರೆ ಬೆಳಕು ಹಿಡಿಯೋ ಶಕ್ತಿ, ಟಂಗ್‌ಸ್ಟನ್ ಬೆಳಕಿಗೆ 100 ಎಎಸ್‌ಎ, ಹಗಲಲ್ಲಿ 85 ಫಿಲ್ಟರ್ ಹಾಕಿದರೆ 64. ಇಷ್ಟು ನಿಧಾನದ ಫಿಲ್ಮ್‌ನಲ್ಲಿ ಕತ್ತಲೆ ಬಾರ್ ಒಳಗೆ ಕಪ್ಪು ಮೈಬಣ್ಣ ತೆಗೆಯೋದು ಸುಲಭವಲ್ಲ. ಲ್ಯಾಬ್‌ಗಳು ಬಣ್ಣ ಹೊಂದಿಸ್ತಿದ್ದ ಮಾದರಿ ಕಾರ್ಡಿನಲ್ಲಿ ಇರ್ತಿದ್ದದ್ದೂ ಬಿಳಿ ಹೆಣ್ಣಿನ ಮುಖವೇ.

ಈಗ ಡಿಜಿಟಲ್‌ನಲ್ಲಿ ತೆಗೆಯೋರಿಗೂ ಅನ್ವಯಿಸೋದು ಇದು: ಮುಖಕ್ಕೆ ನೇರ ಬೆಳಕು ಸುರಿಯಬೇಡಿ, ಪಕ್ಕದಿಂದ ದೊಡ್ಡ ಮೃದುವಾದ ಬೆಳಕು ಕೊಡಿ. ಕಪ್ಪು ಚರ್ಮ ಬೆಳಕನ್ನ ಹೊಳಪಿನಲ್ಲಿ ಹಿಡಿಯುತ್ತೆ, ಆದ್ದರಿಂದ ಪೌಡರ್ ಕಮ್ಮಿ, ತೆಳುವಾಗಿ ಮಾಯಿಶ್ಚರೈಸರ್. ಹಿಂದಿನ ಗೋಡೆ ಕಪ್ಪಾದರೆ ಕೂದಲಿನ ಅಂಚು ಕರಗಿಹೋಗುತ್ತೆ, ಹಿಂಬದಿಯಿಂದ ಒಂದು ಲೈಟು ಬೇಕೇ ಬೇಕು. ಒಂದೇ ಚೌಕಟ್ಟಿನಲ್ಲಿ ಬಿಳಿ ಅಂಗಿಯವನು ಇದ್ದರೆ ಅವನ ಕಡೆ ಬಲೆ ಹಿಡಿದು ಬೆಳಕು ತಗ್ಗಿಸಿ, ಅವನಿಗಾಗಿ ಇಡೀ ಎಕ್ಸ್‌ಪೋಷರ್ ಇಳಿಸಬೇಡಿ.

ಇನ್ನೊಂದು ವಿಷಯಕ್ಕೆ ನನಗೆ ಸಿಟ್ಟು. ‘ಎಪ್ಪತ್ತರ ಲುಕ್’ ಅಂತ ಎಲ್ಲರೂ ಗೀರು, ಧೂಳು, ಗುಲಾಬಿ ಛಾಯೆ ಹಾಕ್ತಾರೆ. ಆ ಗುಲಾಬಿ ಬಣ್ಣ 1973ರದ್ದಲ್ಲ! ಹಳೆಯ ಈಸ್ಟ್‌ಮನ್‌ಕಲರ್ ಪ್ರಿಂಟ್ ಡಬ್ಬಿಯಲ್ಲಿ ಬಿದ್ದಿದ್ದಾಗ ಸಯನ್ ವರ್ಣ ಮೊದಲು ಮಾಸಿ, ಉಳಿದದ್ದು ಕೆಂಪುಗುಲಾಬಿ. ಥಿಯೇಟರಿನಲ್ಲಿ ಜನ ನೋಡಿದ್ದು ಹೊಳೆಯುವ ಹಳದಿ, ಕಿತ್ತಳೆ, ಗಾಢ ಹಸಿರು. 2009ರಲ್ಲಿ ಈ ಚಿತ್ರಗಳನ್ನೇ ಅಣಕಿಸಿದ ‘ಬ್ಲ್ಯಾಕ್ ಡೈನಮೈಟ್’ ತಂಡ ಇದನ್ನ ಸರಿಯಾಗಿ ತಿಳಿದಿತ್ತು. ಸೂಪರ್ 16 ರಿವರ್ಸಲ್ ಫಿಲ್ಮ್‌ನಲ್ಲಿ (ನೆಗೆಟಿವ್ ಇಲ್ಲದೆ ನೇರವಾಗಿ ಚಿತ್ರ ಮೂಡೋದು) ತೆಗೆದು ಆ ಗಡಸು ಕಾಂಟ್ರಾಸ್ಟನ್ನ ಕ್ಯಾಮರಾದಲ್ಲೇ ತಂದರು.

#8 ರೀಲುಡಬ್ಬಿ
ರಕ್ತ, ಬಂದೂಕು, ಬಾಟಲಿ ಬಗ್ಗೆ ಯಾರಾದರೂ ಹೇಳಿ. ಕಾಫಿ ತನ್ನ ಹಳೆಯ ರೋಗಿ ಪ್ರಿಸಿಲ್ಲಾಳ ಮನೆಯಲ್ಲಿ ಒಡೆದ ಬಾಟಲಿ ಹಿಡಿದು ಬೆದರಿಸುವ ದೃಶ್ಯ ಇದೆಯಲ್ಲ, ಅಂಥದ್ದನ್ನ ಮನೆ ಮಟ್ಟದಲ್ಲಿ ಹೇಗೆ ಮಾಡೋದು?

#9 ಬಣ್ಣದಮನೆ
ರಕ್ತ ಮೊದಲು. ಅಮೆರಿಕದ ಮೇಕಪ್ ಕಲಾವಿದ ಡಿಕ್ ಸ್ಮಿತ್ ಹೆಸರಲ್ಲಿ ಪ್ರಸಿದ್ಧವಾದ ಪಾಕ ಹೀಗೆ: ಬಿಳಿ ಕಾರ್ನ್ ಸಿರಪ್ ಸುಮಾರು 950 ಮಿ.ಲೀ., ಕೆಂಪು ಆಹಾರ ಬಣ್ಣ 60 ಮಿ.ಲೀ., ಹಳದಿ 5 ಟೀ ಚಮಚ, ಝಿಂಕ್ ಆಕ್ಸೈಡ್ 1 ಚಮಚ, ಕೆಡದಿರಲು ಮೀಥೈಲ್‌ಪ್ಯಾರಾಬೆನ್ 1 ಚಮಚ, ಕೊನೆಗೆ ಫೋಟೋಫ್ಲೋ (ಫಿಲ್ಮ್ ತೊಳೆಯುವಾಗ ಬಳಸೋ ದ್ರವ) 60 ಮಿ.ಲೀ. ಝಿಂಕ್ ಆಕ್ಸೈಡನ್ನ ಸ್ವಲ್ಪ ನೀರಲ್ಲಿ ಕಲಸಿ ಆಮೇಲೆ ಹಾಕಿ, ಇಲ್ಲದಿದ್ದರೆ ಗಂಟಾಗುತ್ತೆ. ಅದಿಲ್ಲದೇ ಹೋದರೆ ರಕ್ತ ಶರಬತ್ತಿನಂತೆ ಪಾರದರ್ಶಕ. ಹಳದಿ ಇಲ್ಲದಿದ್ದರೆ ಕುಂಕುಮ ಕಲಸಿದ ನೀರು. ಫೋಟೋಫ್ಲೋ ಇಲ್ಲದಿದ್ದರೆ ಚರ್ಮದ ಮೇಲೆ ಹರಡದೆ ಹನಿಹನಿಯಾಗಿ ನಿಲ್ಲುತ್ತೆ. ಆದರೆ ಫೋಟೋಫ್ಲೋ ವಿಷ. ಬಾಯಿ, ಕಣ್ಣಿನ ಹತ್ತಿರ ಹೋಗುವ ರಕ್ತಕ್ಕೆ ಅದನ್ನ ಪೂರ್ತಿ ಬಿಡಿ.

ನಮ್ಮಲ್ಲಿ ಕಾರ್ನ್ ಸಿರಪ್ ಬದಲು ಬೇಕರಿ ಸಾಮಾನಿನ ಅಂಗಡಿಯ ಲಿಕ್ವಿಡ್ ಗ್ಲೂಕೋಸ್ ತಗೊಳ್ಳಿ, ಸ್ವಲ್ಪ ನೀರು ಸೇರಿಸಿ ತೆಳು ಮಾಡಿ. ಎಲ್‌ಇಡಿ ಬೆಳಕಲ್ಲಿ ಗುಲಾಬಿ ಕಂಡರೆ ಚಿಟಿಕೆ ಕೋಕೋ ಪುಡಿ. ಕ್ಯಾಮರಾದಲ್ಲಿ ನೋಡಿ ನಿರ್ಧರಿಸಿ, ಬಟ್ಟಲಲ್ಲಿ ನೋಡಿ ಅಲ್ಲ.

ಕೂದಲಿನ ಬ್ಲೇಡು: ನಿಜವಾದ ಬ್ಲೇಡು ಸೆಟ್ಟಿನೊಳಗೇ ಬರಬಾರದು. ತೆಳು ಪ್ಲಾಸ್ಟಿಕ್ ಹಾಳೆಗೆ ಬೆಳ್ಳಿ ಕಾಗದ ಅಂಟಿಸಿ ಕತ್ತರಿಸಿದರೆ ಹತ್ತಿರದ ಶಾಟಿಗೂ ಸಾಕು. ಕೂದಲು ಹಿಡಿಯೋ ನಟಿಯ ಅಂಗೈಯಲ್ಲಿ ಕಡಲೆಕಾಳಿಗಿಂತ ಸ್ವಲ್ಪ ದೊಡ್ಡ ಸ್ಪಂಜು, ರಕ್ತದಲ್ಲಿ ಅರ್ಧವಷ್ಟೇ ನೆನೆದದ್ದು. ಪೂರ್ತಿ ನೆನೆಸಿದರೆ ಹಿಡಿಯುವ ಮೊದಲೇ ಮಣಿಕಟ್ಟಿಗೆ ಸೋರುತ್ತೆ, ಟೇಕ್ ಹೋಯ್ತು. ಅಗಲ ಶಾಟಿನಲ್ಲಿ ಹಿಡಿತ, ಕಟ್, ಮುಷ್ಟಿ ಬಿಚ್ಚಿದಾಗ ಅಂಗೈ. ಮೂಲದಲ್ಲೂ ನೋವು ನಮಗೆ ಗೊತ್ತಾಗೋದು ಅಂಗೈಯಿಂದ.

ಬಾಟಲಿ: ಸಕ್ಕರೆ 400 ಗ್ರಾಂ, ನೀರು 200 ಮಿ.ಲೀ., ಗ್ಲೂಕೋಸ್ 120 ಮಿ.ಲೀ., 150 ಡಿಗ್ರಿ ಸೆಲ್ಸಿಯಸ್‌ವರೆಗೆ ಕಾಯಿಸಿ ಸಿಲಿಕೋನ್ ಅಚ್ಚಿಗೆ. ಅಷ್ಟು ಬಿಸಿಯಾಗದಿದ್ದರೆ ಒಡೆಯೋದಿಲ್ಲ, ಬಾಗುತ್ತೆ. 160 ದಾಟಿದರೆ ಕಂದು ಬಣ್ಣ. ಬಿಯರ್ ಬಾಟಲಿಗಾದರೆ ಅದೇ ಬೇಕು ಅನ್ನಿ. ತಣ್ಣಗಾದ ಮೇಲೂ ತುಂಡುಗಳು ಚೂಪು, ಮುಖದ ಹತ್ತಿರ ಬೇಡ. ಬೆದರಿಸುವ ಶಾಟಿಗೆ ಅಂಚು ಉಜ್ಜಿದ ರೆಸಿನ್ ತುಂಡು ಬೇರೆ ಇಟ್ಕೊಳ್ಳಿ.

#10 ಕುಡ್ಲದ_ಕ್ಯಾಮರಾ
ಸಕ್ಕರೆ ಗಾಜು ನಮ್ಮ ಕರಾವಳಿಯ ಮಳೆಗಾಲದಲ್ಲಿ ಆಗುವ ಕೆಲಸ ಅಲ್ಲ. ಗಾಳಿಯ ನೀರು ಹೀರಿ ಎರಡು ಮೂರು ಗಂಟೆಯಲ್ಲಿ ಅಂಟಂಟು. ಗಾಳಿಯಾಡದ ಡಬ್ಬದಲ್ಲಿ ಸಿಲಿಕಾ ಜೆಲ್ ಪೊಟ್ಟಣ ಹಾಕಿ ಇಡಿ, ಇಲ್ಲ ಸಿದ್ಧ ಬ್ರೇಕ್‌ಅವೇ ರೆಸಿನ್ ತರಿಸಿ.

#11 ಫೈಟ್_ಮಾಸ್ಟರ್‌_ಶಿಷ್ಯ
ಬಂದೂಕಿನ ಬಗ್ಗೆ ಗಟ್ಟಿಯಾಗಿ ಹೇಳ್ತೀನಿ. ಬ್ಲ್ಯಾಂಕ್ ಬೇಡ. ಬ್ಲ್ಯಾಂಕಿನಲ್ಲಿ ಗುಂಡು ಇಲ್ಲದಿದ್ದರೂ ಅನಿಲ, ಒಳಗಿನ ಬಿರಡೆ ಹತ್ತಿರದಿಂದ ಬಂದರೆ ತಲೆಬುರುಡೆ ಒಡೆಯುತ್ತೆ. 1984ರಲ್ಲಿ ನಟ ಜಾನ್-ಎರಿಕ್ ಹೆಕ್ಸಮ್ ಸತ್ತದ್ದು ಹಾಗೇ. ಹಾರದ ಮಾದರಿ ಬಂದೂಕು, ನಟನ ಭುಜಕ್ಕೆ ಹಿಂದೊದೆತ ಅಭ್ಯಾಸ, ಬೆಳಕಿನ ಮಿಂಚು ಆಮೇಲೆ ಎಡಿಟಿಂಗ್‌ನಲ್ಲಿ. ಮಿಂಚು ಒಂದೇ ಫ್ರೇಮ್ ಇರಲಿ, ಎರಡನೆಯದರಲ್ಲಿ ಹೊಗೆ ಮಾತ್ರ. ಹಳೆಯ ಚಿತ್ರಗಳಲ್ಲಿ ಕೆಲವು ಗುಂಡಿಗೆ ಮಿಂಚೇ ಕಾಣದು. ಸೆಕೆಂಡಿಗೆ 24 ಫ್ರೇಮ್, 180 ಡಿಗ್ರಿ ಷಟರ್ ಅಂದರೆ ಅರ್ಧ ಸಮಯ ಕ್ಯಾಮರಾ ಕಣ್ಣು ಮುಚ್ಚಿರುತ್ತೆ. ಮಿಂಚು ಇರೋದು ಕೆಲವೇ ಮಿಲಿಸೆಕೆಂಡು, ತಪ್ಪಿಹೋಗುತ್ತೆ. ಎದೆಯಲ್ಲಿ ಸಿಡಿಯುವ ಸ್ಕ್ವಿಬ್ ಪರವಾನಗಿ ಇರುವವರ ಕೆಲಸ. ನಿಮಗೆ ಬಟ್ಟೆಯಡಿ ತೆಳು ಕೊಳವೆ, ದೂರದಲ್ಲಿ ದೊಡ್ಡ ಸಿರಿಂಜು ಸಾಕು. ಬಟ್ಟೆಯನ್ನ ಒಳಗಿಂದ ಬ್ಲೇಡಲ್ಲಿ ಕೆರೆದು ತೆಳು ಮಾಡಿಟ್ಟಿರಬೇಕು, ಇಲ್ಲದಿದ್ದರೆ ರಕ್ತ ಚಿಮ್ಮದೆ ಜಿನುಗುತ್ತೆ.

ಸಾಹಸದವರ ಹೆಸರು ಯಾರೂ ಹೇಳಲಿಲ್ಲ. ಸಾಹಸ ಸಂಯೋಜನೆ ಬಾಬ್ ಮೈನರ್, ಪ್ಯಾಮ್ ಗ್ರಿಯರ್ ಬದಲಿ ಜೇಡೀ ಡೇವಿಡ್. ಅದಕ್ಕೆ ಮುಂಚೆ ಹಾಲಿವುಡ್‌ನಲ್ಲಿ ಬಿಳಿಯರಿಗೇ ಕಪ್ಪು ಬಣ್ಣ ಬಳಿದು ಸಾಹಸ ಮಾಡಿಸುವ ರೂಢಿ ಇತ್ತು. ಅದರ ವಿರುದ್ಧ 1967ರಲ್ಲಿ ಕಪ್ಪು ಸಾಹಸಿಗರ ಸಂಘ ಹುಟ್ಟಿತು. ಈ ಚಿತ್ರಗಳ ಅಲೆ ಬಂದದ್ದರಿಂದ ಅವರಿಗೆ ಕೆಲಸ ಸಿಕ್ಕಿತು ಅನ್ನೋದು ಮರೆಯಬಾರದ ಲಾಭ.

#12 ಮೂರನೇಸಾಲು
ಲಾಭ ಸರಿ, ನಷ್ಟವನ್ನೂ ಹೇಳಿ. ‘ಬ್ಲ್ಯಾಕ್ಸ್‌ಪ್ಲಾಯ್ಟೇಶನ್’ ಅನ್ನೋ ಪದವನ್ನ 1972ರಲ್ಲಿ ಚಲಾವಣೆಗೆ ತಂದದ್ದೇ ವಿರೋಧಿಗಳು. ಕಪ್ಪು ಜನರ ಹಕ್ಕಿಗೆ ಹೋರಾಡೋ ಎನ್‌ಎಎಸಿಪಿ ಸಂಘದ ಹಾಲಿವುಡ್ ಶಾಖೆಯ ಆಗಿನ ಮುಖ್ಯಸ್ಥ ಜೂನಿಯಸ್ ಗ್ರಿಫಿನ್. ತಲೆಹಿಡುಕ, ನಶೆ ಮಾರುವವ, ಬೆತ್ತಲೆ ಹೆಣ್ಣು ಬಿಟ್ಟರೆ ಕಪ್ಪು ಜನರಿಗೆ ಬೇರೆ ಪಾತ್ರ ಇಲ್ಲವೇ ಅನ್ನೋದು ಅವರ ಪ್ರಶ್ನೆ. ‘ಕಾಫಿ’ ಬರೆದವನು, ನಿರ್ದೇಶಿಸಿದವನು, ಕಂಪನಿಯ ಒಡೆಯರು ಎಲ್ಲ ಬಿಳಿಯರು. ಪಾರ್ಟಿಯಲ್ಲಿ ಹೆಂಗಸರ ಜಗಳ ಎಷ್ಟು ಹೊತ್ತು ನಡೆಯುತ್ತೆ, ಯಾರ ಬಟ್ಟೆ ಹರಿಯುತ್ತೆ ನೋಡಿ. ಅದು ಸೇಡಿಗೆ ಬೇಕಾದ ದೃಶ್ಯ ಅಲ್ಲ, ಟಿಕೆಟ್ಟಿಗೆ ಬೇಕಾದದ್ದು.

#13 ಕತ್ತರಿಪ್ರಯೋಗ
ಜಗಳದ ಬಗ್ಗೆ ಒಪ್ಪುತ್ತೇನೆ, ಅರ್ಧಕ್ಕೆ ಕತ್ತರಿಸಬಹುದಿತ್ತು. ಆದರೆ ಬ್ಲೇಡು ಅದೇ ದೃಶ್ಯದಲ್ಲಿದೆ ಅನ್ನೋದೂ ನಿಜ. ವಿಟ್ರೋನಿಯ ಕಣ್ಣಿಗೆ ಅವಳು ಬೀಳೋದೂ ಅಲ್ಲೇ. ವೇದಿಕೆಯ ಮೇಲೆ ಟಿಕೆಟ್ಟು, ಅಡಿಯಲ್ಲಿ ಕಥೆ. ಮತ್ತೆ ಕಿಂಗ್ ಜಾರ್ಜ್ ಸಾವು ನೋಡಿ. ಅವನೇ ತನ್ನನ್ನ ಕಳಿಸಿದ್ದು ಅಂತ ಅವಳು ಸುಳ್ಳು ಹೇಳಿದ್ದಕ್ಕೆ ಮಾಫಿಯಾದವರು ಅವನ ಕುತ್ತಿಗೆಗೆ ಹಗ್ಗ ಬಿಗಿದು ಕಾರಿನ ಹಿಂದೆ ಎಳೆದು ಕೊಲ್ತಾರೆ. ಬಣ್ಣಬಣ್ಣದ ಉಡುಪಿನ ಜೋಕರ್‌ನಂಥ ಪಾತ್ರ, ಸಾಯೋದು ಮಾತ್ರ ಅಮೆರಿಕದ ದಕ್ಷಿಣದ ಲಿಂಚಿಂಗ್ ಥರ, ಬಿಳಿಯರ ಗುಂಪು ಕಪ್ಪು ಜನರನ್ನ ಹಿಡಿದು ಕೊಲ್ತಿದ್ದ ಹಾಗೆ. ನಗ್ತಿದ್ದ ಪ್ರೇಕ್ಷಕನ ನಗು ಅಲ್ಲಿ ನಿಲ್ಲುತ್ತೆ. ಬರೀ ಟಿಕೆಟ್ ಲೆಕ್ಕ ಆಗಿದ್ದರೆ ಗುಂಡು ಹೊಡೆದು ಮುಗಿಸಬಹುದಿತ್ತು.

#14 ಮೂರನೇಸಾಲು
ಆ ಸಾವಿಗೆ ಅವಳ ಸುಳ್ಳೇ ಕಾರಣ, ಅದಕ್ಕೆ ಚಿತ್ರ ಅವಳನ್ನ ಒಂದು ಮಾತೂ ಕೇಳೋದಿಲ್ಲ. ನನ್ನ ತಕರಾರು ಅಲ್ಲಿ. ಲಿಂಚಿಂಗ್ ತೋರಿಸಿ ಪ್ರೇಕ್ಷಕನನ್ನ ಬೆಚ್ಚಿಬೀಳಿಸಿದ್ದು ಸರಿ, ನಾಯಕಿಯನ್ನೂ ಬೆಚ್ಚಿಬೀಳಿಸಬೇಕಿತ್ತು. ಹೊವಾರ್ಡ್ ವಿಷಯದಲ್ಲಿ ಮಾತ್ರ ಚಿತ್ರ ಪ್ರಾಮಾಣಿಕ. ಅವಳು ಯಾರೋ ಏನೋ ಅನ್ನೋ ಥರ ಮಾಫಿಯಾ ಮುಂದೆ ಕೈಬಿಟ್ಟವನು, ಕೊನೆಗೆ ಸಮುದ್ರದ ದಡದ ಮನೆಯಲ್ಲಿ ಸಿಹಿ ಮಾತಿನಿಂದ ಅವಳನ್ನ ಹೆಚ್ಚುಕಮ್ಮಿ ಗೆದ್ದೇಬಿಡ್ತಾನೆ. ಒಳಕೋಣೆಯಿಂದ ಬಿಳಿ ಹೆಣ್ಣು ಹೊರಬರದಿದ್ದರೆ ಗುಂಡು ಹಾರ್ತಿತ್ತೋ ಇಲ್ಲವೋ. ಆ ಅನುಮಾನ ಒಳ್ಳೆಯದು.

#15 ವಾವಾ_ವಾಸು
ಸಂಗೀತ ಬಿಟ್ಟು ಹೋಗ್ತಿದ್ದೀರಿ ಗುರುಗಳೇ. ರಾಯ್ ಏಯರ್ಸ್, ವೈಬ್ರಾಫೋನ್ ವಾದಕ. ಬೇರೆಯವರೆಲ್ಲ ‘ಶಾಫ್ಟ್’ (1971) ನಕಲು ಮಾಡಿ ಹಿತ್ತಾಳೆ ವಾದ್ಯ, ಗಿಟಾರ್ ತುಂಬಿದಾಗ ಈತ ಲೋಹದ ಪಟ್ಟಿಗಳ ತಣ್ಣನೆ ನಾದ ಇಟ್ಟ. ಬಿಸಿ ದೃಶ್ಯದ ಕೆಳಗೆ ತಣ್ಣನೆ ವಾದ್ಯ, ಅದರಿಂದಲೇ ಬೆದರಿಕೆ ಹುಟ್ಟುತ್ತೆ. ‘ಅರಾಗನ್’, ‘ಎಸ್ಕೇಪ್’ ಕೇಳಿ. 1997ರ ‘ಜ್ಯಾಕಿ ಬ್ರೌನ್’ ಚಿತ್ರದಲ್ಲಿ ಟ್ಯಾರಂಟಿನೊ ಇವನ್ನೇ ಎತ್ತಿ ಬಳಸಿದ್ದು, ನಾಯಕಿ ಅದೇ ಪ್ಯಾಮ್ ಗ್ರಿಯರ್. ಒಮಾರ್ ಆಗಿದ್ದ ಸಿಡ್ ಹೇಗ್ ಅಲ್ಲಿ ನ್ಯಾಯಾಧೀಶ!

ಈ ಚಿತ್ರಗಳ ಸಂಗೀತದಲ್ಲಿ ಕೇಳೋ ವಾವಾ ಗಿಟಾರ್ (ಕಾಲಿನ ಪೆಡಲ್‌ನಿಂದ ನಾದ ತಿರುಚೋದು) ನುಡಿಸೋರು ಮಾಡೋ ತಪ್ಪು ಎರಡು. ಎಡಗೈ ಬೆರಳಿಂದ ತಂತಿ ಒತ್ತದೆ ಬರೀ ಮುಟ್ಟಿ ಹಿಡಿಯಬೇಕು, ಬಲಗೈ ಹದಿನಾರನೇ ಮಾತ್ರೆಗಳನ್ನ ಬಿಡದೆ ಕೆರೆಯಬೇಕು. ಇವರು ಸ್ವರ ಒತ್ತಿಬಿಡ್ತಾರೆ. ಎರಡನೆಯದು, ಕಾಲು ಪ್ರತಿ ಏಟಿಗೂ ಮೇಲೆ ಕೆಳಗೆ ಹೋಗುತ್ತೆ. ಪೆಡಲ್ ಅರ್ಧದಲ್ಲೇ ಆಡಲಿ, ತುದಿ ಮುಟ್ಟೋದು ಸಾಲಿಗೊಮ್ಮೆ. ಲಯ ನಿಮಿಷಕ್ಕೆ 118ರ ಹತ್ತಿರ, ಮುಚ್ಚಿದ ಹೈಹ್ಯಾಟ್ ಒಂದೇ ಸಮ. ರಿವರ್ಬ್ ತುಂಬಿದರೆ ಕೆರೆತದ ಗರಗು ಸತ್ತುಹೋಗುತ್ತೆ, ಒಣಗಿಸಿ ಇಡಿ.

#16 ರೀಲುಡಬ್ಬಿ
ಹಾಗಾದರೆ 12 ನಿಮಿಷದ ಚಿತ್ರಕ್ಕೆ ಎಷ್ಟು ಮೆಟ್ಟಿಲು ಇಡಬಹುದು? ನಾಲ್ಕೂ ಹಿಡಿಸೋದಿಲ್ಲ.

#17 ಕತ್ತರಿಪ್ರಯೋಗ
ಎರಡು. ಬೀದಿಯವನು, ಮನೆಯವನು. ನಡುವಿನ ಧಣಿಯನ್ನ ಫೋನಿನ ದನಿಯಾಗಿ ಮಾತ್ರ ಇಡಿ, ಒಬ್ಬ ನಟ, ಒಂದು ಲೊಕೇಷನ್ ಉಳಿಯುತ್ತೆ. ಮೊದಲ ಕೊಲೆ ಎರಡನೇ ನಿಮಿಷದೊಳಗೆ, ಆಯುಧ ಕಾಣಿಸೋದು ನಾಲ್ಕರ ಹೊತ್ತಿಗೆ, ಬಳಕೆ ಒಂಬತ್ತಕ್ಕೆ.

#18 ಧಾರವಾಡ_ಪೇಡೆ
ನಾಯಕಿಗೆ ಒಂದ ಕಸುಬು ಕೊಡ್ರಿ ಮೊದ್ಲ. ಟೇಲರ್, ಲ್ಯಾಬ್ ಟೆಕ್ನಿಷಿಯನ್, ಹೂ ಕಟ್ಟಾಕಿ, ಯಾವುದರ ಆಗ್ಲಿ. ಆಮ್ಯಾಲೆ ಆಕಿ ಚೀಲದಾಗ ಏನೇನ್ ಇರ್ತದ ಪಟ್ಟಿ ಮಾಡ್ರಿ, ಹತಾರ ಅದರಾಗ ಸಿಗ್ತದ. ಪಟ್ಟಿ ಇಲ್ಲೇ ಹಾಕ್ರಿ, ನೋಡೂಣು.